ಬಿಳಿ ಬೋಗುಣಿ

ಶಿವರಾತ್ರಿ ಕಳೆದು, ಹಳ್ಳದ ನೀರು ಹರಿಯುವುದನ್ನು ನಿಲ್ಲಿಸಿ ಗುಂಡಿಗುಂಡಿಯಾಗಿ ನಿಂತಿತು ಎಂದರೆ ನಮ್ಮ ಯಜಮಾನರಿಗೆ ಕರೆ ಬರಲು ಶುರು. ಕಾನಸೂರಿನ ಆಚೆ ಈಚೆ ಯಾರ ಮನೆಯ ದನದ ಮೂಗಿನಲ್ಲಿ ರಕ್ತ ಕಂಡರೂ ಮೊದಲು ಬರುವ ಮಾತು, "ಕೆರಿಯಪ್ಪನ್ನ ಕರೀರಿ" ಅಂತ. ನಿಂತ ನೀರಿಗೆ ಬಾಯಿ ಹಾಕಿದ ದನದ ಮೂಗಿನೊಳಗೆ ಜಿಗಣೆ ಹೊಕ್ಕುಬಿಡುತ್ತದೆ. ಹೋಗುವಾಗ ನೂಲಿನಷ್ಟು ಸಣ್ಣ. ಒಳಗೇ ಕೂತು ರಕ್ತ ಹೀರಿ ಕಿರುಬೆರಳಿನಷ್ಟು ದಪ್ಪವಾಗುತ್ತದೆ. ಕೈ ಹಾಕಿದರೆ ಜಾರಿ ಇನ್ನೂ ಒಳಕ್ಕೆ ಹೋಗುತ್ತದೆ. ಅದು ತಾನಾಗಿ ಹೊರಗೆ ಬರುವ ಹಾಗೆ ಮಾಡಬೇಕು. ಆ ಕೆಲಸಕ್ಕೆ ನಮ್ಮ ಮನೆಯವರ ಕೈಯೇ ಆಗಬೇಕು ಎಂದು ಊರು ನಂಬಿತ್ತು. ಊರಿಗಿಂತ ಹೆಚ್ಚು ಅವರು ನಂಬಿದ್ದರು.

ಮಾಡುವುದು ಇಷ್ಟೇ. ಹಿಂದಿನ ದಿನದಿಂದ ದನಕ್ಕೆ ಒಂದು ಹನಿ ನೀರು ಕೊಡಬಾರದು. ಮರುದಿನ ಬಿಸಿಲೇರಿದ ಮೇಲೆ ಬಿಳಿ ಬೋಗುಣಿಯಲ್ಲಿ ಬಾವಿಯ ತಣ್ಣೀರು ತಂದು ಮೂಗಿನ ಕೆಳಗೆ ಹಿಡಿಯಬೇಕು. ಮೂಗು ನೀರಿನ ಹತ್ತಿರ ಇರಬೇಕು, ನಾಲಗೆ ಮಾತ್ರ ನೀರಿಗೆ ತಾಗಬಾರದು. ದನ ನಾಲಗೆ ಚಾಚಿತೋ, ಬೋಗುಣಿ ಹಿಂದಕ್ಕೆ. ಸುಮ್ಮನಾಯಿತೋ, ಮತ್ತೆ ಮುಂದಕ್ಕೆ. ಹಾಗೇ ಹಿಡಿದುಕೊಂಡಿದ್ದರೆ ನೀರಿನ ತಂಪಿಗೆ ಜಿಗಣೆ ಮೂಗಿನಿಂದ ಕರಿ ದಾರದ ಹಾಗೆ ಇಳಿದು ಬರುತ್ತದೆ. ಬೋಗುಣಿ ಬಿಳಿ ಇರುವುದು ಅದು ಕಾಣಲಿ ಎಂದು. ಆಗ ಬೂದಿ ಮೆತ್ತಿದ ಎರಡು ಬೆರಳಲ್ಲಿ ಹಿಡಿದು ತೆಗೆಯುವುದು.

ಕಷ್ಟವೆಂದರೆ ಆ ನೀರು ಕೊಡದೆ ಇರುವುದು. ಕೆಳಗಿನ ಕೇರಿಯ ಪಾರ್ವತವ್ವ ಒಂದು ವರ್ಷ ತಡೆಯಲಾರದೆ ಕರುವಿಗೆ ಕದ್ದು ನೀರು ಕುಡಿಸಿದ್ದಳು. ಮರುದಿನ ಎಷ್ಟು ಹೊತ್ತು ಬೋಗುಣಿ ಹಿಡಿದರೂ ಜಿಗಣೆ ಇಣುಕಲಿಲ್ಲ.

"ಕರು ಒದರ್ತಾ ಇತ್ತು ಕೆರಿಯಪ್ಪಣ್ಣ, ನನ್ನ ಕರುಳು ಕೇಳ್ಲಿಲ್ಲ," ಎಂದಳು.

"ಹಂಗಾರೆ ನಿನ್ನ ಕರುಳಿಗೇ ಹೇಳು ಜಿಗಣೆ ತೆಗೀಲಿಕ್ಕೆ," ಎಂದು ಇವರು ಬೋಗುಣಿಯ ನೀರನ್ನು ಅಂಗಳಕ್ಕೆ ಚೆಲ್ಲಿ ಬಂದುಬಿಟ್ಟರು. ಆ ಮಾತು ಊರಲ್ಲಿ ನಗೆಯಾಗಿ ತಿರುಗಾಡಿತು. ಪಾರ್ವತವ್ವ ಆಮೇಲೆ ಬಹಳ ಕಾಲ ನಮ್ಮ ಅಂಗಳ ಹತ್ತಲಿಲ್ಲ.

ಇನ್ನು ನಾಯಿಯ ವಿಚಾರ. ನಮ್ಮ ನಾಯಿಯ ಹೆಸರು ಕಂಡಕ್ಟರ. ಮೊಮ್ಮಗಳು ಅಭಿಜ್ಞಾ ಹುಟ್ಟಿದ ವರ್ಷ ಬಂದದ್ದು. ಅವಳೀಗ ಹೈಸ್ಕೂಲಿಗೆ ಹೋಗುತ್ತಾಳೆ. ಇವರು ಶಿರಸಿ ಸಂತೆಯಿಂದ ಬರುವಾಗ ಬಸ್ಸಿನ ಸೀಟಿನ ಅಡಿಯಲ್ಲಿ ಒಂದು ಮರಿ ಕುಂಯ್‌ಗುಡುತ್ತಿತ್ತಂತೆ. ಕಂಡಕ್ಟರ್ ಅದರ ಕುತ್ತಿಗೆ ಹಿಡಿದೆತ್ತಿ, "ಇದ್ಯಾರದ್ರೀ? ಟಿಕೆಟ್ ತಗೀರಿ, ಇಲ್ಲಾ ಇಳಿಸ್ಕೊಳ್ರಿ" ಎಂದು ಬಸ್ಸಿಗೆಲ್ಲ ಕೂಗಿದ. ಯಾರೂ ತಮ್ಮದು ಎನ್ನಲಿಲ್ಲ. ಇವರು ಅದನ್ನು ಸಂತೆ ಚೀಲಕ್ಕೆ ಹಾಕಿಕೊಂಡು ಇಳಿದು ಬಂದರು.

"ಎಂತದಿದು? ನಾ ತರಾಕೆ ಹೇಳಿದ್ದು ಬೆಲ್ಲ," ಎಂದೆ ನಾನು.

"ಬೆಲ್ಲ ಮರ್ತು ಹೋತು. ಇವರು ಕಂಡಕ್ಟ್ರು. ಒಳಗೆ ಕರಿ, ಬಾಯಾರಿಕೆ ಕೊಡು."

ನಾನು ಗರಟೆಯಲ್ಲಿ ನೀರು ಇಟ್ಟೆ. ಚೀಲದಿಂದ ಇಳಿದ ಮರಿ ಮೂತಿ ಮುಳುಗಿಸಿ ಕುಡಿದು ಸೀನಿತು. ನಮ್ಮ ಮನೆಯಲ್ಲಿ ಅದರ ಮೊದಲ ಕೆಲಸ ಅದು.

ಹೆಸರಿಗೆ ತಕ್ಕ ಹಾಗೆಯೇ ಬೆಳೆಯಿತು. ಸಂಜೆ ದನ ಮೇಯುವ ಬ್ಯಾಣದಿಂದ ವಾಪಸು ಬರುವಾಗ ಎಲ್ಲದರ ಹಿಂದೆ ಬರುವುದು ಅದು. ನಮ್ಮ ಅಂಗಳದ ಬಾಯಿಗೆ ಬಿದಿರ ಗಳ ಸರಿಸಿ ಹಾಕುವ ದಣಪೆ ಇದೆ. ಕೊನೆಯ ದನ ದಣಪೆ ದಾಟಿದ ಕೂಡಲೇ ಕಂಡಕ್ಟರ ಒಂದೇ ಒಂದು ಸಲ ಬೊಗಳುತ್ತಿದ್ದ. "ರೈಟ್" ಎನ್ನುತ್ತಿದ್ದರು ಇವರು, ಗಳ ಸರಿಸುತ್ತಿದ್ದರು. ಒಂದು ದಿನ ಎಲ್ಲ ಬಂದವು ಎಂದುಕೊಂಡರೆ ಬೊಗಳಲೇ ಇಲ್ಲ, ದಣಪೆಯಲ್ಲಿ ಅಡ್ಡ ನಿಂತ. ನೋಡಿದರೆ ಗಬ್ಬದ ಆಕಳು ಹಿಂದೆ ಉಳಿದಿತ್ತು. ಆ ದಿನದಿಂದ ಇವರು ದನ ಎಣಿಸುವುದನ್ನೇ ಬಿಟ್ಟರು.

ಇನ್ನೊಂದು ಇತ್ತು. ಮುಂದೆ ಎಂತದೇ ಇಟ್ಟರೂ "ಬ್ಯಾಡ" ಎಂದರೆ ಮುಟ್ಟುತ್ತಿರಲಿಲ್ಲ. ಸುಟ್ಟ ಒಣಮೀನು ಮೂತಿಯ ಎದುರು ಇಟ್ಟು ಇವರು ಬಂದವರ ಹತ್ತಿರ ಮಾತಾಡುತ್ತ ಕೂರುವರು. ಅದು ಜೊಲ್ಲು ಸುರಿಸಿಕೊಂಡು ಇವರ ಮುಖವನ್ನೇ ನೋಡುತ್ತಿರುವುದು. "ಹ್ಞೂಂ" ಎಂದ ಮೇಲೆಯೇ ಬಾಯಿ ಹಾಕುವುದು. ಸಿದ್ದಾಪುರದಿಂದ ದನಕ್ಕೆ ಹಿಂಡಿ ಮೂಟೆ ತಂದು ಹಾಕುವ ಗೂಡ್ಸ್ ಗಾಡಿಯ ಜಹಾಂಗೀರ ಅದನ್ನು ನೋಡಿ, "ನಮ್ಮನೆ ಹುಡುಗ್ರನ್ನ ಒಂದು ತಿಂಗ್ಳು ಇಲ್ಲಿ ಬಿಟ್ಟು ಹೋಗ್ತೀನಿ ಕೆರಿಯಪ್ಪಣ್ಣ, ಅವಕ್ಕೂ ಕಲಿಸ್ರಿ" ಎನ್ನುತ್ತಿದ್ದ.

"ನಿನ್ನಿಂದಲೇ ಶುರು ಮಾಡಾಣ," ಎನ್ನುತ್ತಿದ್ದರು ಇವರು.

ಈ ವರ್ಷ ಶಿವರಾತ್ರಿ ಆದ ಮೇಲೆ ಒಂದು ಸಂಜೆ ದನಗಳು ಬಂದವು, ಬೊಗಳು ಬರಲಿಲ್ಲ. ಇವರು ಗಳ ಹಿಡಿದು ಕಾದರು. ಯಾವುದೋ ಕರು ತಪ್ಪಿಸಿಕೊಂಡಿದೆ ಎಂದುಕೊಂಡು ಬ್ಯಾಣದ ಕಡೆ ಹೊರಟರೆ, ದಾರಿಯಲ್ಲಿ ಒಣ ಎಲೆಯ ದರಕಿನ ಮೇಲೆ ಕಂಡಕ್ಟರ ಮಲಗಿದ್ದ. ಇವರನ್ನು ಕಂಡು ಬಾಲ ಅಲ್ಲಾಡಿಸಿದ, ಎದ್ದ, ನಾಲ್ಕು ಹೆಜ್ಜೆ ಬಂದು ಮತ್ತೆ ಕೂತ. ಮೂತಿಯೆಲ್ಲ ನರೆತ ನಾಯಿ. ವಯಸ್ಸಾಯಿತು ಎಂದುಕೊಂಡೆವು. ಅನ್ನ ಅರ್ಧ ಬಿಡತೊಡಗಿತು. ಅದಕ್ಕೂ ವಯಸ್ಸೇ ಎಂದೆವು. ಕಿವಿಯ ಒಳಮೈಯಲ್ಲಿ ಉಣುಗು, ಅದೇ ಉಣ್ಣೆಹುಳ, ಗೊಂಚಲಾಗಿತ್ತು. ಕಾಡಂಚಿನ ನಾಯಿಗೆ ಉಣುಗು ಹತ್ತದೆ ಇರುತ್ತದೆಯೇ? ಇವರು ಜಗಲಿಯಲ್ಲಿ ಕೂತು ಅದನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಕಿತ್ತು ಕೆಂಡಕ್ಕೆ ಹಾಕುವರು. ಮಂಗನ ಕಾಯಿಲೆಯ ಸುದ್ದಿ ಬಂದಾಗ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆಸ್ಪತ್ರೆಯವರು ಎಣ್ಣೆ ಕೊಟ್ಟು ಹೋಗಿದ್ದರು. ನಾವೆಲ್ಲ ಕೈಕಾಲಿಗೆ ಹಚ್ಚಿಕೊಂಡೇ ಬೆಟ್ಟಕ್ಕೆ ಹೋಗುತ್ತಿದ್ದೆವು. ನಮ್ಮ ಮುಂದೆ ಮುಂದೆ ಓಡುವ ನಾಯಿಗೂ ಏನಾದರೂ ಬೇಕೇನೋ ಎಂದು ಯಾರನ್ನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅದು ಮಲಗಿದ್ದ ಗೋಣಿಯ ಮೇಲೆ ರಕ್ತ. ನೋಡಿದರೆ ಒಂದು ಹೊಳ್ಳೆಯಿಂದ ತೆಳ್ಳಗೆ ಇಳಿಯುತ್ತಿತ್ತು. ನಾನು ಗಾಬರಿಯಾಗಿ ಕರೆದೆ. ಇವರು ಬಂದು ಕೂತು ನೋಡಿದರು. ಎಷ್ಟೋ ದಿನದಿಂದ ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲವಾಯಿತು. ನಕ್ಕೇಬಿಟ್ಟರು.

"ಇಷ್ಟೇನಾ! ಜಿಗಣೆ ಮಾರಾಯ್ತಿ. ಒಳಗೆ ಕೂತು ರಕ್ತ ಕುಡೀತಾ ಐತೆ. ಅದ್ಕೇ ಇವ ಸೊರಗಿದ್ದು. ನಾ ಎಂತೆಂತದೋ ಅಂದ್ಕಂಡಿದ್ದೆ."

ಸೊಸೆ ಮಧುರಾ ಬಾಗಿಲಲ್ಲಿ ನಿಂತಿದ್ದಳು. "ಮಾವ, ಒಂದ್ಸಲ ಸಿದ್ದಾಪುರಕ್ಕೆ ಒಯ್ದು ತೋರಿಸೂದಲ್ವಾ? ಇವತ್ತು ಜಹಾಂಗೀರಣ್ಣನ ಗಾಡಿ ಬರ್ತದೆ."

ಜಹಾಂಗೀರ ಬಂದವನು ಅದನ್ನೇ ಹೇಳಿದ. "ಮೂಟೆ ಇಳಿಸಿದ್ರೆ ಗಾಡಿ ಖಾಲಿ. ದನದ ಆಸ್ಪತ್ರೆ ಮುಂದೇ ಹೋಗ್ತೀನಿ. ಹತ್ತಿಸ್ರಿ."

ಇವರು ಎಲೆಯಡಿಕೆ ಕವಳದ ರಸ ಉಗಿದು ಬಂದು ಹೇಳಿದರು, "ನಿಮ್ಮನೆ ಆಡಿನ ಮೂಗಿಂದ ತೆಗ್ದವ ಯಾರು?"

"ನೀವೇ."

"ಊರಿನ ಜಿಗಣೆ ಎಲ್ಲ ತೆಗ್ದ ಕೆರಿಯಪ್ಪ ತನ್ನ ನಾಯಿ ಜಿಗಣೆ ತೆಗ್ಸಾಕೆ ಆಸ್ಪತ್ರೆಗೆ ಹೋದ ಅಂದ್ರೆ ಪಾರ್ವತವ್ವ ಎಷ್ಟು ದಿನ ನಗಾಡ್ತಾಳೆ ಗೊತ್ತನಾ? ನೀ ಹೋಗು. ನಾಳೆ ಸಂಜಿಗೆ ಇವ ದಣಪೆಯಲ್ಲಿ ರೈಟ್ ಅಂತಾನೆ, ಸಿದ್ದಾಪುರಕ್ಕೆ ಕೇಳ್ತದೆ."

ಜಹಾಂಗೀರ ನಗುತ್ತ ಹೋದ. ಖಾಲಿ ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಾನು ನೋಡುತ್ತಿದ್ದೆ.

ಆ ಹೊತ್ತಿನಿಂದ ನೀರು ನಿಂತಿತು. ಕಟ್ಟಿ ಹಾಕಲಿಲ್ಲ. ಕಟ್ಟುವ ಅಗತ್ಯ ಎಲ್ಲಿತ್ತು? ಕೊಟ್ಟಿಗೆಯ ನೀರಿನ ಬಾನಿಯ ಹತ್ತಿರ ಹೋದ ನಾಯಿಗೆ ಇವರು ಜಗಲಿಯಿಂದಲೇ "ಬ್ಯಾಡ" ಎಂದರು. ಅದು ಬಾನಿಯನ್ನು ನೋಡಿತು, ಇವರನ್ನು ನೋಡಿತು, ಬಂದು ಇವರ ಕಾಲ ಬುಡದಲ್ಲಿ ಮಲಗಿತು. ಮರುದಿನ ಬಿಸಿಲೇರಿದ ಮೇಲೆ ಬಿಳಿ ಬೋಗುಣಿ ಬಂತು. ಎಡಗೈಯಲ್ಲಿ ಬೋಗುಣಿ, ಬಲಗೈ ಬೆರಳಿಗೆ ಬೂದಿ. ಕಂಡಕ್ಟರ ನಾಲಗೆ ಚಾಚಿದ. "ಬ್ಯಾಡ." ಬೋಗುಣಿ ಹಿಂದಕ್ಕೆ. ಇನ್ನೊಮ್ಮೆ ಚಾಚಿದ. "ಬ್ಯಾಡ." ಬಹಳ ಬೇಗ ಕಲಿತ. ನಾಲಗೆ ಒಳಗೆಳೆದುಕೊಂಡು ಮೂಗನ್ನು ನೀರಿನಿಂದ ಒಂದು ಬೆರಳು ಮೇಲೆ ಹಿಡಿದು, ಕಣ್ಣು ಮಾತ್ರ ಎತ್ತಿ ಇವರ ಮುಖ ನೋಡುತ್ತ ನಿಂತ. ಯಾವ ದನವೂ ಇವರಿಗೆ ಅಷ್ಟು ಸಹಕಾರ ಕೊಟ್ಟಿರಲಿಲ್ಲ.

"ಶಾಣ್ಯಾ. ಹಂಗೇ ಇರು, ಹಂಗೇ," ಎನ್ನುತ್ತಿದ್ದರು ಇವರು.

ಜಿಗಣೆ ಬರಲಿಲ್ಲ. ರಕ್ತ ಒಂದಿಷ್ಟು ಹೊತ್ತು ನಿಂತು ಮತ್ತೆ ಬಂತು. "ಹಳೇ ಜಿಗಣೆ, ಗಟ್ಟಿ ಐತೆ. ಇನ್ನೊಂದು ದಿನ ಒಣಗಬೇಕು," ಎಂದರು.

"ಒಂಚೂರು ಕೊಡಿ. ಕಣ್ಣು ಒಳಗೆ ಹೋಗ್ಯಾವೆ ನೋಡಿ," ಎಂದೆ.

"ಈಗ ಕೊಟ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅದ್ಕೆ ಹಿಂಸೆ ಎರಡು ಸಲ ಕೊಡೂದಾ? ನಂಗೇನು ಕಷ್ಟ ಆಗಲ್ಲ ಅಂದ್ಕಂಡ್ಯಾ?"

ಕಷ್ಟ ಆಗುತ್ತಿತ್ತು. ಆ ಎರಡು ದಿನ ಅವರೂ ಅದರ ಎದುರು ನೀರು ಕುಡಿಯಲಿಲ್ಲ. ಒಳಗೆ ಬಂದು ಬಾಗಿಲ ಮರೆಯಲ್ಲಿ ನಿಂತು ಕುಡಿದು ಹೋಗುತ್ತಿದ್ದರು.

ಸಂಜೆ ಇವರು ದನ ತರಲು ಹೋದಾಗ ನಾನು ಒಂದು ತಂಬಿಗೆ ನೀರು ಹಿತ್ತಲಿಗೆ ಒಯ್ದು ಕಂಡಕ್ಟರನ ಎದುರು ಗರಟೆಯಲ್ಲಿ ಹೊಯ್ದೆ. "ಕುಡಿ ಮಗಾ, ಅವರಿಲ್ಲ," ಎಂದೆ. ಅದು ನೀರನ್ನು ನೋಡಲೇ ಇಲ್ಲ. ಬ್ಯಾಣದ ದಾರಿ ನೋಡುತ್ತ ಮಲಗಿತ್ತು. ನನ್ನ "ಹ್ಞೂಂ" ಅದಕ್ಕೆ ಲೆಕ್ಕಕ್ಕಿರಲಿಲ್ಲ.

ಮರುದಿನ ಬೋಗುಣಿ ತಂದಾಗ ಎದ್ದು ನಿಲ್ಲಲು ಹೋಗಿ ಹಿಂಗಾಲು ಕುಸಿದು ಬಿದ್ದ. ಬಿದ್ದಲ್ಲಿಂದಲೇ ಮೂಗು ಎತ್ತಿ ಹಿಡಿದ. ಇವರ ಕೈಯಿಂದ ಬೋಗುಣಿ ಜಾರಿತು. ಮಧುರಾ ಆಗಲೇ ಜಹಾಂಗೀರನಿಗೆ ಫೋನು ಮಾಡಿದ್ದಳು.

ಜಹಾಂಗೀರ ಬಂದವನು ಹಿಂದಿನ ಡಬ್ಬಿಗೆ ಗೋಣಿ ಹಾಸಲು ಹೋದ ನನ್ನನ್ನು ತಡೆದ. "ಅಲ್ಲಿ ಕುಲುಕ್ತದೆ ತಿಮ್ಮಕ್ಕ. ಮುಂದೆ ಕೂರ್ಲಿ, ಕೆರಿಯಪ್ಪಣ್ಣನ ತೊಡೆ ಮೇಲೆ." ನಾನು ಹಿಂದೆ, ಇಳಿಸಲು ಪುರಸೊತ್ತಿಲ್ಲದೆ ಹಾಗೇ ತಂದಿದ್ದ ಹಿಂಡಿ ಮೂಟೆಗಳ ಜೊತೆ ಕೂತೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾಯಿಯನ್ನು ಮೇಜಿನ ಮೇಲೆ ಮಲಗಿಸಿ, ಮೂಗು ನೋಡುವ ಮೊದಲು ಮೇಲ್ತುಟಿ ಎತ್ತಿದರು. ವಸಡು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂದಿತ್ತು. ಕಿವಿ ಮಡಚಿ ನೋಡಿದರು. ಹೊಟ್ಟೆಯ ಚರ್ಮ ಸರಿಸಿ ನೋಡಿದರು. ಅಲ್ಲಿ ಕೆಂಪು ಚುಕ್ಕೆಗಳು. ನಾವು ಯಾವತ್ತೂ ನೋಡಿರಲಿಲ್ಲ.

"ಉಣುಗಿನ ಜ್ವರ ಅಜ್ಜಾ ಇದು. ಉಣುಗು ಕಚ್ಚಿ ಬರೋದು. ರಕ್ತ ಹೆಪ್ಪುಗಟ್ಟೋದೇ ಇಲ್ಲ, ಅದಕ್ಕೇ ಮೂಗಲ್ಲಿ ಸೋರುತ್ತೆ. ಎಷ್ಟು ದಿನದಿಂದ ಸಪ್ಪಗಿದೆ?"

"ಶಿವರಾತ್ರಿ ಆದಾಗಿಂದ," ಎಂದೆ ನಾನು.

"ಊಟ?"

"ಅರ್ಧ."

"ನೀರು ಸರಿಯಾಗಿ ಕುಡೀತಾ ಇದೆಯಾ? ಮೈ ಬಹಳ ಒಣಗಿದೆ."

ನಾನು ಇವರ ಮುಖ ನೋಡಿದೆ. ಇವರು ನಾಯಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ನಾನೇ ಕೊಡ್ಲಿಲ್ಲ," ಎಂದರು. "ಜಿಗಣೆ ಅಂದ್ಕಂಡೆ. ಬಾಯಾರಿಸಿದ್ರೆ ಬರ್ತದೆ ಅಂತ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಸಲಾಯಿನ್ ಬಾಟಲಿ ತೂಗಿಹಾಕಿ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು.

"ಜಿಗಣೆ ಇಲ್ಲೇ ಇಲ್ವಾ?" ಎಂದು ಇವರು ಕೇಳಿದರು.

ಅವರು ಬ್ಯಾಟರಿ ಬೆಳಕು ಬಿಟ್ಟು ಎರಡೂ ಹೊಳ್ಳೆ ನೋಡಿದರು. "ಇಲ್ಲ ಅಜ್ಜಾ."

"ಇನ್ನೊಂದ್ಸಲ ನೋಡಿ. ಮೇಲೆ, ಬಹಳ ಮೇಲೆ ಹೋಗಿರ್ತದೆ ಒಂದೊಂದ್ಸಲ."

ಅವರು ಇನ್ನೊಮ್ಮೆ ನೋಡಿದರು, ಇವರಿಗೋಸ್ಕರ. ತಲೆ ಅಲ್ಲಾಡಿಸಿದರು. ಒಂದು ಜಿಗಣೆ, ಒಂದೇ ಒಂದು, ಅಲ್ಲಿ ಇದ್ದಿದ್ದರೆ ಎಂದು ನಾನೂ ಬೇಡಿಕೊಂಡೆ. ಎಂತಾ ಬೇಡಿಕೆ ನೋಡಿ.

ಬಾಟಲಿ ಖಾಲಿಯಾದ ಮೇಲೆ ಗುಳಿಗೆ ಕೊಟ್ಟರು. ವಯಸ್ಸಾಗಿದೆ, ರಕ್ತ ಬಹಳ ಕಮ್ಮಿ ಇದೆ, ಮೂತ್ರಪಿಂಡಕ್ಕೂ ತೊಂದರೆ ಆಗಿದೆಯೇನೋ ಎಂದರು. ನಾಳೆ ಮತ್ತೆ ಕರೆತನ್ನಿ ಎಂದರು. "ನೀರು ಮಾತ್ರ ಕೊಡ್ತಾನೇ ಇರಿ. ಎಷ್ಟು ಕುಡಿದರೆ ಅಷ್ಟು." ಮೊದಲೇ ತಂದಿದ್ದರೆ ಉಳಿಯುತ್ತಿತ್ತಾ ಎಂದು ಇವರು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮನೆಗೆ ಬಂದು ಜಗಲಿಯಲ್ಲಿ ಮಲಗಿಸಿ, ಇವರು ಬಾವಿಗೆ ಹೋಗಿ ತಾವೇ ಹೊಸ ನೀರು ಸೇದಿ ತಂದರು. ಕೈಗೆ ಸಿಕ್ಕಿದ್ದು ಅದೇ ಬಿಳಿ ಬೋಗುಣಿ. ಮೂತಿಯ ಹತ್ತಿರ ಇಟ್ಟರು.

"ಹ್ಞೂಂ. ಕುಡಿ."

ಕಂಡಕ್ಟರ ಬೋಗುಣಿ ನೋಡಿದ. ಕುತ್ತಿಗೆ ನಡುಗುತ್ತಿತ್ತು. ಆದರೂ ಮೂಗನ್ನು ಎತ್ತಿ, ನೀರಿನಿಂದ ಒಂದು ಬೆರಳು ಮೇಲೆ ಹಿಡಿದು, ಕಣ್ಣೆತ್ತಿ ಇವರ ಮುಖ ನೋಡಿದ. ಬಾಯಿ ಮುಚ್ಚಿಕೊಂಡಿತ್ತು.

"ಹ್ಞೂಂ ಅಂದ್ನಲ್ಲೋ. ಕುಡಿಯೋ. ಬ್ಯಾಡ ಅನ್ನಲ್ಲ ನಾನು, ಕುಡಿ."

ನೋಡುತ್ತಲೇ ಇದ್ದ. ತನ್ನಿಂದ ಎಂತ ಆಗಬೇಕೋ ಅದನ್ನು ಸರಿಯಾಗಿಯೇ ಮಾಡುತ್ತಿದ್ದೇನೆ ಎನ್ನುವ ಹಾಗೆ ಬಾಲದ ತುದಿ ಒಮ್ಮೆ ಅಲ್ಲಾಡಿತು.

ಇವರು ಬೋಗುಣಿಯನ್ನು ಇನ್ನೂ ಹತ್ತಿರ ತಂದರು. ಅದು ಮೂಗನ್ನು ಅಷ್ಟೇ ಹಿಂದೆ ತೆಗೆಯಿತು. ಇವರು ಬೋಗುಣಿಯನ್ನು ನೆಲಕ್ಕಿಟ್ಟರು. ಆಮೇಲೆ ಎರಡೂ ಕೈಯೂರಿ, ಮೊಣಕಾಲ ಮೇಲೆ ಬಗ್ಗಿ, ತಲೆಯ ಮೇಲಿನ ವಸ್ತ್ರ ಜಾರಿ ಬೀಳುತ್ತಿದ್ದರೂ ಲಕ್ಷ್ಯವಿಲ್ಲದೆ, ಬೋಗುಣಿಗೆ ಬಾಯಿ ಹಾಕಿ ನೀರು ಕುಡಿದರು. ಶಬ್ದ ಮಾಡಿ ಕುಡಿದರು. ಬಾಗಿಲಿಗೆ ಬಂದ ಮಧುರಾ "ಮಾವ" ಎಂದಳು. ನಾನು ಕೈಸನ್ನೆ ಮಾಡಿ ಅವಳನ್ನು ಒಳಗೆ ಕಳಿಸಿದೆ.

ಇವರು ಎರಡನೆಯ ಸಲ ಬಾಯಿ ಹಾಕಿದಾಗ ಕಂಡಕ್ಟರ ನಾಲಗೆ ಚಾಚಿದ. ಒಮ್ಮೆ ನೆಕ್ಕಿ ನಿಲ್ಲಿಸಿ ಇವರನ್ನು ನೋಡಿದ. "ಹ್ಞೂಂ, ಹ್ಞೂಂ," ಎಂದರು. ಮತ್ತೆ ನೆಕ್ಕಿದ. ಪ್ರತಿ ಗುಟುಕಿಗೂ ಕೇಳುತ್ತಿದ್ದ, ಪ್ರತಿ ಗುಟುಕಿಗೂ ಇವರು ಹೇಳುತ್ತಿದ್ದರು. ಕುಡಿದದ್ದು ಬಹಳ ಇಲ್ಲ. ಆಮೇಲೆ ಬೊಗಸೆಯಲ್ಲಿ ಕೊಟ್ಟರು, ಬೆರಳಿಂದ ತುಟಿಗೆ ಹಚ್ಚಿದರು. ಮರುದಿನ ಜಹಾಂಗೀರ ಹೇಳಿದ ಹೊತ್ತಿಗೆ ಗಾಡಿ ತಂದು ಹಾರ್ನ್ ಮಾಡಿದ. ನಾನು ದಣಪೆಯ ತನಕ ಹೋಗಿ, ಇನ್ನು ಬೇಕಾಗಿಲ್ಲ ಎಂದೆ. ಅವನು ಗಾಡಿ ಅಲ್ಲೇ ಬಿಟ್ಟು ಬಂದು ಗುದ್ದಲಿ ಹಿಡಿದ.

ಆ ಸಂಜೆ ದನಗಳು ಬಂದವು. ಇವರು ಗಳ ಹಿಡಿದು ನಿಂತೇ ಇದ್ದರು. "ಎಲ್ಲ ಬಂದಾವೆ, ಹಾಕಿ," ಎಂದೆ. ಹಾಕಿದರು. ಆಮೇಲಿಂದ ಬೆರಳು ಮಡಚಿ ದನ ಎಣಿಸುತ್ತಾರೆ.

ಹಳ್ಳದ ಗುಂಡಿಗಳು ಇನ್ನೂ ಸಣ್ಣವಾದ ಮೇಲೆ ಪಾರ್ವತವ್ವ ಬಂದಳು. ಹಳೆಯದನ್ನೆಲ್ಲ ನುಂಗಿಕೊಂಡು ಅಂಗಳದಲ್ಲೇ ನಿಂತು ಹೇಳಿದಳು, "ಮಣಕದ ಮೂಗಲ್ಲಿ ರಕ್ತ ಕೆರಿಯಪ್ಪಣ್ಣ. ಈ ಸಲ ಒಂದು ಹನಿ ನೀರು ಕೊಟ್ಟಿಲ್ಲ. ನಿನ್ನೆಯಿಂದ ಕರುಳು ಗಟ್ಟಿ ಮಾಡ್ಕಂಡು ಕೂತೀನಿ. ನಿಮ್ಮ ಬೈಗುಳ ಮತ್ತೆ ತಿನ್ನೂದು ಬ್ಯಾಡ ಅಂತ."

ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಬೋಗುಣಿ ತೆಗೆದುಕೊಂಡು ಹೊರಟರು. ನಾನು ಬೂದಿಯ ಗರಟೆ ಹಿಡಿದು ಹಿಂದೆ ಹೋದೆ.

ಇನ್ನೂ ಕರು ಹಾಕದ ಆ ಮಣಕವನ್ನು ಬಿಸಿಲಲ್ಲಿ ಗೂಟಕ್ಕೆ ಕಟ್ಟಿದ್ದಳು. ಇವರು ಮೊದಲು ಅದರ ತುಟಿ ಎತ್ತಿದರು. ವಸಡು ಗುಲಾಬಿ ಬಣ್ಣಕ್ಕೆ ಸರಿಯಾಗಿಯೇ ಇತ್ತು. ಕಿವಿ ಮಡಚಿ ನೋಡಿದರು. ಪಾರ್ವತವ್ವ, "ಅದೆಂತ ಹೊಸ ಶಾಸ್ತ್ರ?" ಎಂದಳು. ಇವರು ಕೊಡದಿಂದ ಬೋಗುಣಿಗೆ ನೀರು ಹೊಯ್ಯಿಸಿಕೊಂಡು ಮೂಗಿನ ಕೆಳಗೆ ಹಿಡಿದರು. ಇದರಲ್ಲಿ ಜಿಗಣೆ ಇತ್ತು. ಸ್ವಲ್ಪ ಹೊತ್ತಿನಲ್ಲೇ ಹೊಳ್ಳೆಯಂಚಿನಲ್ಲಿ ಕಪ್ಪಗೆ ಕಾಣಿಸಿ, ದಾರದ ಹಾಗೆ ಉದ್ದವಾಗಿ ಇಳಿಯತೊಡಗಿತು.

"ಬಂತು, ಬಂತು," ಎಂದಳು ಪಾರ್ವತವ್ವ.

ಮಣಕ ಕಣ್ಣು ಅಗಲ ಮಾಡಿ ಇವರನ್ನು ನೋಡಿತು. ನಾಲಗೆ ಚಾಚಿತು. ಬೋಗುಣಿ ಹಿಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ.

"ಹಿಂದೆ ತಗೀರಿ! ಕೆರಿಯಪ್ಪಣ್ಣ, ಬೋಗುಣಿ ಹಿಂದೆ!"

ಮಣಕ ಮೂತಿ ಮುಳುಗಿಸಿ ಸೊರ್ ಎಂದು ಎಳೆಯಿತು. ಜಿಗಣೆ ಮುದುಡಿ ಒಳಗೆ ಹೋಗಿಬಿಟ್ಟಿತು. ಇವರ ಬೂದಿ ಮೆತ್ತಿದ ಬೆರಳು ಹಾಗೇ ಗಾಳಿಯಲ್ಲಿತ್ತು.

"ಅಯ್ಯೋ, ಎಂತ ಮಾಡಿದ್ರಿ! ಕಾಣ್ತಾ ಇತ್ತಲ್ಲ! ಅವತ್ತು ನಂಗೆ ಬೈದವ್ರು ನೀವೇ ಅಲ್ವಾ?"

"ಹೌದು ಪಾರ್ವತವ್ವ. ಬೈದಿದ್ದೆ."

"ಇನ್ನು ಇದಕ್ಕೆ ಎಂತ ಮಾಡೂದು?"

"ನಾಳೆ ಜಹಾಂಗೀರ ಬರ್ತಾನೆ. ಅವನ ಹತ್ರ ಹೇಳು, ಡಾಕ್ಟರಮ್ಮನ್ನ ಕರ್ಕಂಡು ಬರ್ಲಿ. ಅಲ್ಲಿ ತನಕ ನೀರು ಕೊಡು."

ಪಾರ್ವತವ್ವ ನನ್ನ ಕಡೆ ನೋಡಿದಳು. ನಾನು ಗರಟೆಯನ್ನು ಕೆಳಗಿಟ್ಟೆ. ಮಣಕ ಬೋಗುಣಿಯ ತಳ ನೆಕ್ಕುತ್ತಿತ್ತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು, ತಲೆ ಎತ್ತದೆ ನನಗೆ ಹೇಳಿದರು:

"ಇನ್ನೊಂದು ಕೊಡ ತಾ."